ಸಂಪಾದಕರ ಉತ್ತರ: ಆ ಜೆರಾಕ್ಸ್ ಒಮ್ಮೆ ಓದಿ ನೋಡಿದ್ದೀರಾ?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಅಡಿಕೆ ಸುಗ್ಗಿಗೆ ನಮ್ಮ ಕಡೆ ಬರುವ ಅಸ್ಸಾಂನವರು ಅಸ್ಸಾಂನವರೇ ಅಲ್ಲ, ಬಾಂಗ್ಲಾದೇಶದವರು. ಅವರಾಡುವುದು ಬಂಗಾಳಿ. ಆಧಾರ್ ಎಲ್ಲರ ಹತ್ತಿರವೂ ಇದೆ, ಆದರೆ ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತದೆ. ಪೊಲೀಸರು ಮನಸ್ಸು ಮಾಡಿದರೆ ಒಂದು ವಾರದಲ್ಲಿ ಎಲ್ಲರನ್ನೂ ಹಿಡಿದು ಗಡಿ ದಾಟಿಸಬಹುದು, ಅಮೆರಿಕದವರು ಮಾಡಿ ತೋರಿಸಲಿಲ್ಲವೇ? ಬೇಲಿ ಹಾಕುವುದಕ್ಕೆ ಇಷ್ಟು ವರ್ಷ ಬೇಕೇ? ಹೋದ ಸಂಚಿಕೆಯಲ್ಲಿ ವಲಸೆ ಕಾರ್ಮಿಕರ ಬಗ್ಗೆ ಬರೆದ ನೀವು ಈ ಬಗ್ಗೆ ಒಂದು ಸಾಲೂ ಬರೆಯಲಿಲ್ಲ, ನಿಮಗೆ ಧೈರ್ಯ ಇಲ್ಲ.

ಧೈರ್ಯದ ಮಾತು ಹಾಗಿರಲಿ ಮಾರಾಯ್ರೇ, ವಿಷಯಕ್ಕೆ ಬರೋಣ.

ಅಕ್ರಮವಾಗಿ ಬಂದವರು ಇಲ್ಲವೇ ಇಲ್ಲ ಅನ್ನುವವರ ಗುಂಪಿನಲ್ಲಿ ನಾನಿಲ್ಲ. ಇದ್ದಾರೆ. ಬೆಂಗಳೂರಿನಲ್ಲಿ ಪೊಲೀಸರು ಆಗಾಗ ಹಿಡಿದಿದ್ದಾರೆ, ಕೇಸು ಹಾಕಿದ್ದಾರೆ. ಯಾರು ಒಳಗೆ ಬರುತ್ತಾರೆ ಅಂತ ಕೇಳುವ ಹಕ್ಕು ಪ್ರತಿ ದೇಶಕ್ಕೂ ಇದೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಪಾಸ್‌ಪೋರ್ಟ್ ಇಲ್ಲದೆ ನುಗ್ಗಿದ ವಿದೇಶಿಯನಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಕಾನೂನಿನ ಕೊರತೆಯೇನೂ ಇಲ್ಲ.

ಬೇಲಿಯ ವಿಷಯ ಕೇಳಿದ್ದೀರಿ. ನಮಗೂ ಬಾಂಗ್ಲಾದೇಶಕ್ಕೂ ನಡುವಿನ ಗಡಿ 4,096 ಕಿಲೋಮೀಟರ್. ಪಶ್ಚಿಮ ಬಂಗಾಳದ ಪಾಲೇ 2,200ಕ್ಕಿಂತ ಜಾಸ್ತಿ. ಉಳಿದದ್ದು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗೆ ಸೇರಿದ್ದು. ಇದರಲ್ಲಿ 3,000 ಕಿಲೋಮೀಟರಿಗಿಂತ ಜಾಸ್ತಿ ಬೇಲಿ ಆಗಿದೆ. ಉಳಿದಿರುವುದು ಕಷ್ಟದ ಜಾಗ: ನದಿ, ಜೌಗು, ಗುಡ್ಡ, ಜಮೀನು ಬಿಟ್ಟುಕೊಡದ ಊರುಗಳು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಸಿಗೆಗೆ ನೆಲ ಎದ್ದು ಮಳೆಗಾಲಕ್ಕೆ ಮುಳುಗುತ್ತದಲ್ಲ, ಅಸ್ಸಾಂನ ಧುಬ್ರಿ ಕಡೆ ಬ್ರಹ್ಮಪುತ್ರದ ನಡುಗಡ್ಡೆಗಳೂ ಹಾಗೇ. ಈ ವರ್ಷ ಇದ್ದ ದಿಬ್ಬ ಬರುವ ವರ್ಷ ಇರುವುದಿಲ್ಲ. ಅಲ್ಲಿ ಕಂಬ ನೆಡುವುದು ಎಲ್ಲಿ? ಗಡಿ ಭದ್ರತಾ ಪಡೆಯವರು ಅಲ್ಲಿ ದೋಣಿಯಲ್ಲಿ ಗಸ್ತು ಹೊಡೆಯುತ್ತಾರೆ. ಇನ್ನೊಂದು ವಿಷಯ ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1975ರ ಒಪ್ಪಂದದ ಪ್ರಕಾರ ಗಡಿ ಗೆರೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಎಷ್ಟೋ ಕಡೆ ಬೇಲಿ ಇರುವುದು ನಮ್ಮ ನೆಲದ ಒಳಗೆ. ನಮ್ಮ ರೈತನ ಗದ್ದೆ ಬೇಲಿಯಾಚೆ ಉಳಿದುಬಿಟ್ಟಿದೆ. ಆತ ಬೆಳಿಗ್ಗೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ತನ್ನದೇ ಗದ್ದೆಗೆ ಹೋಗಬೇಕು, ಸಂಜೆ ಗೇಟು ಹಾಕುವುದರೊಳಗೆ ವಾಪಸ್ ಬರಬೇಕು. ಬೇಲಿ ಬೇಡ ಅಂತ ಇದನ್ನೆಲ್ಲ ಹೇಳುತ್ತಿಲ್ಲ. ತಡ ಆಗಿರುವುದು ಬರೀ ಸೋಮಾರಿತನದಿಂದ ಅಲ್ಲ, ಅಷ್ಟೇ.

ಗಡಿ ಅಂದಾಗ ನಮ್ಮ ಅಡಿಕೆಯೂ ನೆನಪಾಗಬೇಕು, ಅಲ್ವಾ? ಬರ್ಮಾ ಗಡಿ 1,643 ಕಿಲೋಮೀಟರ್. ಮಿಜೋರಾಂ ಕಡೆಯಿಂದ ಕಳ್ಳ ಅಡಿಕೆ ಬರುತ್ತದೆ ಅಂತ ಶಿವಮೊಗ್ಗದ ಬೆಳೆಗಾರರು ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಆದರೂ ಕೂಗು ನಿಂತಿಲ್ಲ. ಕಳ್ಳ ಮಾಲು ತನ್ನಷ್ಟಕ್ಕೆ ನಡೆದು ಬರುವುದಿಲ್ಲವಲ್ಲ. ಈಚೆ ಕಡೆ ಕೊಳ್ಳುವವನು ಇದ್ದಾನೆ, ಅಗ್ಗಕ್ಕೆ ಸಿಗುತ್ತದೆ ಅಂತ ಕೊಳ್ಳುತ್ತಾನೆ, ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಆಳಿನ ವಿಷಯದಲ್ಲಿ ಈಚೆ ಕಡೆ ಇರುವವರು ಯಾರು? ಆಮೇಲೆ ಬರುತ್ತೇನೆ.

ಮೊದಲು ಭಾಷೆ. ಬಂಗಾಳಿ ಆಡಿದವರೆಲ್ಲ ಬಾಂಗ್ಲಾದೇಶದವರು ಅನ್ನುವ ನಿಮ್ಮ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಪಶ್ಚಿಮ ಬಂಗಾಳದ ಮಾಲ್ಡಾ, ಮುರ್ಷಿದಾಬಾದ್‌ನವರ ಮಾತು ಬಂಗಾಳಿ. ತ್ರಿಪುರಾದಲ್ಲಿ ಹೆಚ್ಚಿನವರದು ಬಂಗಾಳಿ. ಅಸ್ಸಾಂನ ಬರಾಕ್ ಕಣಿವೆಯಲ್ಲಂತೂ ಬಂಗಾಳಿಯೇ ಸರ್ಕಾರಿ ಭಾಷೆ. ಕಾಸರಗೋಡಿನ ಕನ್ನಡಿಗನೊಬ್ಬ ದಿಲ್ಲಿಯಲ್ಲಿ ಕನ್ನಡ ಆಡಿದ ಅಂತಿಟ್ಟುಕೊಳ್ಳಿ. ಅವನು ಕೇರಳದವನು ಅಂತ ಬರೀ ಕಿವಿಯಿಂದ ಕಂಡುಹಿಡಿಯುವುದಕ್ಕೆ ಆಗುತ್ತದೆಯೇ?

ಆಧಾರ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಆಧಾರ್ ಪೌರತ್ವಕ್ಕೆ ಸಾಕ್ಷಿ ಅಲ್ಲ. 2016ರ ಕಾಯ್ದೆಯೇ ಹಾಗೆ ಹೇಳುತ್ತದೆ. ಆದರೆ ಆಗ ನಿಮ್ಮ ಆಧಾರ್ ಕೂಡ ಸಾಕ್ಷಿ ಅಲ್ಲ, ನನ್ನದೂ ಅಲ್ಲ. 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕು. ಆಮೇಲೆ ಹುಟ್ಟಿದವರು ಅಪ್ಪ ಅಮ್ಮನ ಕಾಗದವನ್ನೂ ತೋರಿಸಬೇಕು. ವಿದೇಶಿ ಅಂತ ಸಂಶಯ ಬಂದರೆ, ಅಲ್ಲ ಅಂತ ತೋರಿಸುವ ಹೊರೆ ಆ ಮನುಷ್ಯನ ಮೇಲೇ. 1946ರ ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಹೀಗೇ ಇದೆ.

ಈಗ ನಿಮ್ಮ ‘ಒಂದು ವಾರ’. ಅಸ್ಸಾಂನಲ್ಲಿ ಸುಪ್ರೀಂ ಕೋರ್ಟ್‌ನ ಉಸ್ತುವಾರಿಯಲ್ಲೇ ಪೌರರ ಪಟ್ಟಿ ಮಾಡಿದರು. ಅರ್ಜಿ ಹಾಕಿದವರು 3.30 ಕೋಟಿ ಜನ. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲು ತಾವು ಅಥವಾ ತಮ್ಮ ಹಿರಿಯರು ಇಲ್ಲಿದ್ದರು ಅಂತ ತೋರಿಸಬೇಕಿತ್ತು. ವರ್ಷಗಟ್ಟಲೆ ಕೆಲಸ ಆಗಿ 2019ರ ಆಗಸ್ಟ್ 31ರಂದು ಪಟ್ಟಿ ಬಂತು. 19 ಲಕ್ಷಕ್ಕೂ ಜಾಸ್ತಿ ಜನ ಹೊರಗುಳಿದರು. ಒಂದೇ ಮನೆಯಲ್ಲಿ ಅಣ್ಣ ಒಳಗೆ, ತಮ್ಮ ಹೊರಗೆ. ಕೊನೆಗೆ ಅಸ್ಸಾಂ ಸರ್ಕಾರವೇ ಈ ಪಟ್ಟಿ ಸರಿ ಇಲ್ಲ, ಮತ್ತೆ ಪರಿಶೀಲಿಸಬೇಕು ಅಂದಿತು. ಪಟ್ಟಿ ಬೇಕು ಅಂತ ಚಳವಳಿ ಮಾಡಿದವರಿಗೂ ಸಮಾಧಾನ ಇಲ್ಲ, ಹೊರಗುಳಿದವರಿಗೂ ಇಲ್ಲ. ಅಷ್ಟು ದೊಡ್ಡ ವ್ಯವಸ್ಥೆಗೆ ಆಗದ್ದನ್ನು ನಮ್ಮ ಠಾಣೆಯ ನಾಲ್ಕು ಜನ ಪೇದೆಗಳು ವಾರದಲ್ಲಿ ಮಾಡಬೇಕೇ?

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2025ರ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ಗರ್ಭಿಣಿಯೊಬ್ಬರನ್ನು ದಿಲ್ಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಾಟಿಸಿದರು. ಅಲ್ಲಿಯವರು ಅಕ್ರಮವಾಗಿ ಬಂದಿದ್ದೀರಿ ಅಂತ ಜೈಲಿಗೆ ಹಾಕಿದರು. ವಾಪಸ್ ಕರೆತನ್ನಿ ಅಂತ ಕಲ್ಕತ್ತಾ ಹೈಕೋರ್ಟ್ ಹೇಳಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಡಿಸೆಂಬರ್‌ನಲ್ಲಿ ಆಕೆ ಮಗನೊಂದಿಗೆ ಊರಿಗೆ ಬಂದರು. ನೀವು ಹೇಳಿದ ಅಮೆರಿಕದ್ದೇ ತೆಗೆದುಕೊಳ್ಳಿ. 2025ರ ಫೆಬ್ರವರಿ 5ರಂದು ಅವರ ಮಿಲಿಟರಿ ವಿಮಾನ ಅಮೃತಸರದಲ್ಲಿ 104 ಜನರನ್ನು ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಅವರು ನಮ್ಮವರು. ಕೋಳದ ಫೋಟೊ ನೋಡಿ ಆಗ ಊರೆಲ್ಲ ಸಿಟ್ಟಾಗಿತ್ತು. ಆದರೂ ಒಂದು ಮಾತಿದೆ: ಇವರು ನಮ್ಮವರೇ ಅಂತ ಭಾರತ ಒಪ್ಪಿದ ಮೇಲೆ ವಿಮಾನ ಇಳಿಯಿತು. ವಾಪಸ್ ಕಳಿಸುವುದು ಅಂದರೆ ಆ ಕಡೆಯವರೂ ‘ಹೌದು, ನಮ್ಮವನೇ’ ಅನ್ನಬೇಕು. ರಾತ್ರಿ ಕತ್ತಲಲ್ಲಿ ಗಡಿಯಾಚೆ ತಳ್ಳಿದರೆ ಅದು ಕಳಿಸಿದ ಹಾಗಲ್ಲ.

ಕಾಗದದ ಮಾತು ಮಲೆನಾಡಿನವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಯೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ನಾಡಿಗೆ ಕರೆಂಟ್ ಕೊಡುವುದಕ್ಕೆ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದವರನ್ನು ಕಾಡಿನಂಚಿನಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ತಾಲ್ಲೂಕು ಆಫೀಸು ಅಲೆಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೇವೆ ಅಂತ ತೋರಿಸಬೇಕು ಅಂದಿತು. ಅಜ್ಜ ಹಾಕಿದ ಹಲಸಿನ ಮರ ಅಂಗಳದಲ್ಲೇ ಇದೆ, ಕಾಗದ ಇಲ್ಲ. ಎಷ್ಟು ಅರ್ಜಿ ವಜಾ ಆದವು ಅಂತ ನಿಮ್ಮ ಊರಲ್ಲೇ ಕೇಳಿ ನೋಡಿ. ಅವರನ್ನು ‘ಒತ್ತುವರಿದಾರರು’ ಅಂದಾಗ ನಿಮಗೆ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಅಸ್ಸಾಂನ ಹೊಳೆಯಲ್ಲಿ ಮನೆಯೂ ಪೆಟ್ಟಿಗೆಯೂ ಕೊಚ್ಚಿಹೋದವನ ಹತ್ತಿರ ಅಜ್ಜನ ಕಾಗದ ಕೇಳುವಾಗ ಸ್ವಲ್ಪ ನಿಧಾನ ಮಾಡಿ ಅಂತ ಮಾತ್ರ ನನ್ನ ವಿನಂತಿ. ಕೇಳಲೇಬೇಡಿ ಅನ್ನುತ್ತಿಲ್ಲ.

ಈಗ ಈಚೆ ಕಡೆಯವರ ವಿಷಯ. ಕಳೆದ ಸುಗ್ಗಿಯಲ್ಲಿ ಆಗುಂಬೆ ರಸ್ತೆಯ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಚಪ್ಪರದಡಿ ಅಡಿಕೆ ಸುಲಿಯುವ ಮೆಷಿನ್ ಗರಗರ ಅನ್ನುತ್ತಿತ್ತು. ಮೆಷಿನ್ನಿನಿಂದ ತಪ್ಪಿಸಿಕೊಂಡ ಕಾಯಿಗಳನ್ನು ಇಬ್ಬರು ಹೆಂಗಸರು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದರು. ಕೈ ನೋಡಿದರೆ ಅಡಿಕೆ ಹೊಸದಲ್ಲ ಅಂತ ಗೊತ್ತಾಗುತ್ತಿತ್ತು. ಅಸ್ಸಾಂನಲ್ಲೂ ಅಡಿಕೆ ಬೆಳೆಯುತ್ತಾರಲ್ಲ. ಇವರ ಗುರುತಿನ ಚೀಟಿ ಇಟ್ಟುಕೊಂಡಿದ್ದೀರಾ ಅಂತ ಯಜಮಾನರನ್ನು ಕೇಳಿದೆ. ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟರು. ಆಧಾರ್ ಜೆರಾಕ್ಸ್‌ಗಳು. ಜೆರಾಕ್ಸಿನ ಜೆರಾಕ್ಸ್, ಮುಖ ಅಂದರೆ ಕಪ್ಪು ಮಸಿ. ಕೆಲಸಕ್ಕಿದ್ದವರು ಒಂಬತ್ತು ಜನ, ಕಾಗದ ಆರು. ಅದರಲ್ಲಿ ಎರಡು ಹೋದ ವರ್ಷ ಬಂದು ಹೋದವರದ್ದು. ‘ಅದೆಲ್ಲ ಮೇಸ್ತ್ರಿ ನೋಡ್ಕೊಳ್ತಾನೆ ಸಾರ್’ ಅಂದರು. ಮೇಸ್ತ್ರಿ ಶಿವಮೊಗ್ಗದಲ್ಲಿ ಇರುತ್ತಾನೆ, ಕೂಲಿಯೂ ಅವನ ಕೈಗೇ ಹೋಗುತ್ತದೆ. ಅದರಲ್ಲಿ ಆಳಿಗೆ ಎಷ್ಟು ಮುಟ್ಟುತ್ತದೆ ಅಂತ ಯಜಮಾನರಿಗೂ ಗೊತ್ತಿರಲಿಲ್ಲ.

ನನಗೆ ಸಿಟ್ಟು ಇರುವುದು ಇಲ್ಲಿ. ಹೊರ ರಾಜ್ಯದಿಂದ ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರನ್ನು ತರುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಕೂಲಿ ಎಷ್ಟು ಅಂತ ಅದರಲ್ಲಿ ಬರೆಯಬೇಕು ಅಂತ 1979ರಲ್ಲೇ ಕಾನೂನು ಬಂದಿತ್ತು. 2025ರ ನವೆಂಬರ್‌ನಲ್ಲಿ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿತು. ಇಷ್ಟು ವರ್ಷದಲ್ಲಿ ನಮ್ಮ ತೋಟಗಳಲ್ಲಿ ಅಂಥ ಒಂದು ಪಾಸ್‌ಬುಕ್ ನಾನು ನೋಡಿಲ್ಲ. ನೀವು ನೋಡಿದ್ದರೆ ಬರೆಯಿರಿ, ಖಂಡಿತ ಹಾಕುತ್ತೇನೆ. ಊರು, ಪೊಲೀಸ್ ಠಾಣೆ, ಮನೆಯವರ ಫೋನ್ ನಂಬರ್ ಬರೆದಿಟ್ಟಿದ್ದರೆ ನಿಮ್ಮ ಸಂಶಯಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಬರೆದಿಡದೇ ಇರುವುದು ಮೇಸ್ತ್ರಿಗೆ ಲಾಭ. ಕಾಗದ ಇಲ್ಲದ ಆಳು ಕೂಲಿ ಕಡಿಮೆ ಆದರೂ ಬಾಯಿ ಬಿಡುವುದಿಲ್ಲ. ಹೇಳಿದರೆ ಬೇಜಾರಾಗಬಹುದು, ಯಜಮಾನರಿಗೂ ಅದು ಸ್ವಲ್ಪ ಲಾಭವೇ. ಹಗಲಿಡೀ ಅವರಿಂದ ಅಗ್ಗಕ್ಕೆ ದುಡಿಸಿಕೊಂಡು, ಸಂಜೆ ಪೇಟೆ ಕಟ್ಟೆಯಲ್ಲಿ ಕೂತು ಅವರನ್ನೇ ಓಡಿಸಬೇಕು ಅನ್ನುವವರನ್ನು ನಾನೂ ಕಂಡಿದ್ದೇನೆ. ನಿಮ್ಮ ತೋಟಕ್ಕೆ ಯಾರು ಬರುತ್ತಾರೆ ಅಂತ ನೀವು ಪತ್ರದಲ್ಲಿ ಬರೆದಿಲ್ಲ.

ಅವರನ್ನು ಕರೆಯುವುದೇ ಬಿಡಿ ಅಂತಲೂ ಅಂದಿದ್ದೀರಿ. ಬಿಟ್ಟರೆ ಅಡಿಕೆ ಕೊನೆ ಇಳಿಸುವವರು, ಸುಲಿಯುವವರು ಯಾರು? ನಮ್ಮ ಹುಡುಗರು ಬೆಂಗಳೂರಿನಲ್ಲಿದ್ದಾರೆ. ಅವರನ್ನು ದೂರುವುದಕ್ಕೂ ಆಗುವುದಿಲ್ಲ.

ಇನ್ನು ಪತ್ರದ ಜೊತೆ ಕಳಿಸಿದ ಫೋಟೊಗಳು. ಟಾರ್ಪಾಲ್ ಶೆಡ್ಡಿನ ಮುಂದೆ ಪಾತ್ರೆ ತೊಳೆಯುತ್ತಿರುವ ಹೆಂಗಸು, ಪಕ್ಕದಲ್ಲಿ ಎರಡು ಮಕ್ಕಳು. ‘ಇವರ ಮುಖ ಹಾಕಿ, ಜನ ಎಚ್ಚೆತ್ತುಕೊಳ್ಳಲಿ’ ಅಂತ ಬರೆದಿದ್ದೀರಿ. ಹಾಕುವುದಿಲ್ಲ. ಯಾರ ಮೇಲಾದರೂ ನಿಜವಾಗಿ ಅನುಮಾನ ಇದ್ದರೆ ಕಾರಣ ಸಮೇತ ಠಾಣೆಗೆ ಬರೆದುಕೊಡಿ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವುದು ಪೊಲೀಸ್ ವರಿಷ್ಠಾಧಿಕಾರಿಗಳೇ. ಅವರು ಆ ಮನುಷ್ಯ ಹೇಳಿದ ಊರಿಗೆ ಬರೆದು ವಿಚಾರಿಸುತ್ತಾರೆ. ನೀವು ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ. ಮೊಬೈಲ್ ಹಿಡಿದು ಶೆಡ್ಡಿನ ಮುಂದೆ ಹೋಗಿ ಕಾಗದ ಕೇಳುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಫೋಟೊಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ.

– ಸಂಪಾದಕ