ಡಿರೈವೇಶನ್ ಬರುತ್ತೆ, ಪ್ರಾಬ್ಲಂ ಬರಲ್ಲ!

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅಡ್ವಾನ್ಸ್ಡ್ ಫಿಸಿಕಲ್ ಕೆಮಿಸ್ಟ್ರಿ ಬಗ್ಗೆನೇ ಜಾಸ್ತಿ ಇದಾವೆ, ಅದಕ್ಕೆ ಅವನ್ನೇ ಒಟ್ಟಿಗೆ ಹಾಕಿದೀವಿ.

ಪ್ರಶ್ನೆ: ಸರ್, ಮಾಸ್ಟರ್ಸ್ ಮೊದಲನೇ ಸೆಮಿಸ್ಟರಲ್ಲಿದೀನಿ. ಥರ್ಮೋಡೈನಮಿಕ್ಸ್ ಡಿರೈವೇಶನ್ ಎಲ್ಲಾ ಕಣ್ಮುಚ್ಕೊಂಡು ಬರೀತೀನಿ, ಆದ್ರೆ ಪ್ರಾಬ್ಲಂ ಒಂಚೂರು ತಿರುಚಿ ಕೊಟ್ರೆ ಸಾಕು ತಲೆನೇ ಓಡಲ್ಲ. ಡಿರೈವೇಶನ್ನೇ ಇನ್ನೊಂದ್ಸಲ ಗಟ್ಟಿ ಮಾಡ್ಲಾ?

ಉತ್ತರ: ಬೇಡ, ಅದು ನಿಮಗೆ ಆಗ್ಲೇ ಬರುತ್ತಲ್ಲ. ಬಿಟ್ಟೋಗಿರೋದು ಷರತ್ತುಗಳು. ಪ್ರತಿ ಸಮೀಕರಣದ ಪಕ್ಕ ಟೆಂಪರೇಚರ್ ಸ್ಥಿರ, ಪ್ರೆಶರ್ ಸ್ಥಿರ, ರಿವರ್ಸಿಬಲ್ (ಯಾವ ಹಂತದಲ್ಲಾದ್ರೂ ಹಿಂದಕ್ಕೆ ತಿರುಗಿಸೋಕಾಗೋ ಹಾಗೆ ನಿಧಾನಕ್ಕೆ ನಡೆಯೋದು), ಐಡಿಯಲ್ ಗ್ಯಾಸ್ (ಅಣುಗಳು ಒಂದನ್ನೊಂದು ಎಳೆಯದ, ತಳ್ಳದ ಗ್ಯಾಸ್) ಅಂತ ಸಣ್ಣದಾಗಿ ಬರೆದಿರ್ತಾರಲ್ಲ, ಓದುವಾಗ ಅದನ್ನ ಹಾರಿಸ್ಬಿಡ್ತೀವಿ, ಪೇಪರ್ ಸೆಟ್ ಮಾಡೋರು ಕೈ ಹಾಕೋದು ಸರಿಯಾಗಿ ಅಲ್ಲೇ. ಒಂದು ಪ್ರಾಬ್ಲಂ ತಗೊಳ್ಳಿ: ಶಾಖ ಒಳಗೂ ಬರದ ಹೊರಗೂ ಹೋಗದ ಪಾತ್ರೆ, ಅರ್ಧದಲ್ಲಿ ಒಂದು ಮೋಲ್ ಐಡಿಯಲ್ ಗ್ಯಾಸ್, ಇನ್ನರ್ಧ ಖಾಲಿ, ಮಧ್ಯದ ತಡೆ ತೆಗೆದ್ರು, ಎಂಟ್ರೊಪಿ (ಅಣುಗಳು ಎಷ್ಟು ರೀತಿಯಲ್ಲಿ ಹರಡ್ಕೊಳ್ಳಬಹುದು ಅನ್ನೋದರ ಅಳತೆ) ಎಷ್ಟು ಬದಲಾಯ್ತು? ಶಾಖ ಸೊನ್ನೆ, ಅದನ್ನ ಟೆಂಪರೇಚರಿಂದ ಭಾಗಿಸಿದ್ರೂ ಸೊನ್ನೆ, ಹಾಗಾಗಿ ಉತ್ತರ ಸೊನ್ನೆ ಅಂತ ಬರೆಯೋರು ತುಂಬಾ ಜನ. ಆದ್ರೆ ಆ ಸೂತ್ರ ರಿವರ್ಸಿಬಲ್ ದಾರಿಯ ಶಾಖಕ್ಕೆ ಮಾತ್ರ, ಇಲ್ಲಿ ಗ್ಯಾಸ್ ನುಗ್ಗಿದ್ದು ರಿವರ್ಸಿಬಲ್ ಆಗಿ ಅಲ್ವಲ್ಲ. ಎಂಟ್ರೊಪಿಗೆ ಶುರು ಎಲ್ಲಿ ಕೊನೆ ಎಲ್ಲಿ ಅನ್ನೋದಷ್ಟೇ ಮುಖ್ಯ, ಅದಕ್ಕೆ ಅದೇ ಎರಡು ಸ್ಥಿತಿ ಮಧ್ಯೆ ನೀವೇ ಒಂದು ರಿವರ್ಸಿಬಲ್ ದಾರಿ ಕಲ್ಪಿಸ್ಕೊಂಡು ಲೆಕ್ಕ ಹಾಕ್ಬೇಕು, ಆಗ ಗ್ಯಾಸ್ ಕಾನ್ಸ್ಟಂಟ್ ಇಂಟು ಲಾಗ್ 2 (ನ್ಯಾಚುರಲ್ ಲಾಗ್), ಅಂದ್ರೆ ಕೆಲ್ವಿನ್‌ಗೆ 5.76 ಜೂಲ್ ಬರುತ್ತೆ.

ಇನ್ನೂ ಮಜಾ ಇದೆ. ಇದೇ ಗ್ಯಾಸಿಗೆ ಗಿಬ್ಸ್ ಎನರ್ಜಿ (ಬದಲಾವಣೆ ತಾನಾಗೇ ನಡೆಯುತ್ತಾ ಅಂತ ನೋಡೋಕೆ ಬಳಸೋ ಎನರ್ಜಿ) ಬದಲಾವಣೆ ಲೆಕ್ಕ ಹಾಕಿ, 298 ಕೆಲ್ವಿನ್‌ನಲ್ಲಿ ಮೈನಸ್ 1.7 ಕಿಲೋಜೂಲ್ ಬರುತ್ತೆ. ನೆಗೆಟಿವ್ ಬಂತು, ಅದಕ್ಕೆ ಸ್ಪಾಂಟೇನಿಯಸ್, ಅಂದ್ರೆ ತಾನಾಗೇ ನಡೆಯೋದು, ಅಂತ ಬರೆದ್ರೆ ಉತ್ತರ ಸರಿ, ಕಾರಣ ತಪ್ಪು! ಗಿಬ್ಸ್ ನೋಡಿ ತೀರ್ಮಾನ ಮಾಡೋ ನಿಯಮ ಟೆಂಪರೇಚರ್ ಪ್ರೆಶರ್ ಎರಡೂ ಸ್ಥಿರ ಇದ್ದಾಗಿನದು, ಇಲ್ಲಿ ಪ್ರೆಶರ್ ಅರ್ಧಕ್ಕೆ ಇಳಿದಿದೆ. ಇದು ಹೊರಗಿನ ಜೊತೆ ಏನೂ ಕೊಟ್ಟು ತಗೊಳ್ಳದ ಪಾತ್ರೆ, ಇಲ್ಲಿ ನೋಡ್ಬೇಕಾದ್ದು ಎಂಟ್ರೊಪಿ ಏರಿತಾ ಅಂತ.

ಹಾಗಾಗಿ ಹೊಸ ಪ್ರಾಬ್ಲಂ ಹುಡುಕ್ತಾ ಕೂರಬೇಡಿ, ಬಿಡಿಸಿರೋ ಪ್ರಾಬ್ಲಮ್ಮಲ್ಲೇ ಒಂದು ಷರತ್ತು ನೀವೇ ಕಿತ್ತಾಕಿ. ಎಷ್ಟನೇ ಸಾಲಲ್ಲಿ ಲೆಕ್ಕ ಮುರಿಯುತ್ತೆ ನೋಡಿ. ಬೇಜಾರಿನ ಕೆಲಸ ನಿಜ, ಆದ್ರೆ ತಿರುಚಿದ ಪ್ರಶ್ನೆ ಅಂದ್ರೆ ಇಷ್ಟೇ ಇರೋದು.

ಪ್ರಶ್ನೆ: ನನಗೆ ಮ್ಯಾಥ್ಸ್ ವೀಕು. ಎಷ್ಟು ಗೊತ್ತಿದ್ರೆ ಸಾಕು ಮೇಡಂ?

ಉತ್ತರ: ಪಾರ್ಷಿಯಲ್ ಡೆರಿವೇಟಿವ್ ನೀರು ಕುಡಿದ ಹಾಗೆ ಬರ್ಬೇಕು, ಇದರಲ್ಲಿ ರಿಯಾಯ್ತಿ ಇಲ್ಲ. ಆಮೇಲೆ ಸೆಕೆಂಡ್ ಆರ್ಡರ್ ಡಿಫರೆನ್ಷಿಯಲ್ ಈಕ್ವೇಶನ್, ಮ್ಯಾಟ್ರಿಕ್ಸ್ ಐಗನ್‌ವ್ಯಾಲ್ಯೂ, ಗಾಸಿಯನ್ ಇಂಟಿಗ್ರಲ್, ಲಗ್ರಾಂಜ್ ಮಲ್ಟಿಪ್ಲೈಯರ್. ಇಷ್ಟಿದ್ರೆ ಈಜ್ಬಹುದು. ಮ್ಯಾಥ್ಸಲ್ಲೂ ಷರತ್ತು ನೋಡೋ ಅಭ್ಯಾಸ ಇರ್ಲಿ, ಸ್ಟರ್ಲಿಂಗ್ ಅಂದಾಜು ಇದೆಯಲ್ಲ (n ಫ್ಯಾಕ್ಟೋರಿಯಲ್‌ನ ನ್ಯಾಚುರಲ್ ಲಾಗ್ ಬದಲು n ಇಂಟು ಲಾಗ್ n ಮೈನಸ್ n ಅಂತ ಹಾಕೋದು), 10ಕ್ಕೆ ಹಾಕಿದ್ರೆ ನಿಜವಾದ ಬೆಲೆ 15.1, ಅಂದಾಜು 13.0, ಚೆನ್ನಾಗೇ ತಪ್ಪುತ್ತೆ. 100ಕ್ಕೆ ಹಾಕಿ, ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಮ್ಮಿ. ಮೋಲ್‌ಗಟ್ಟಲೆ ಅಣುಗಳಿಗೆ ಅದನ್ನ ಕಣ್ಮುಚ್ಚಿ ಹಾಕೋದು ಯಾಕೆ ಅಂತ ಆಗ ತಾನಾಗೇ ಗೊತ್ತಾಗುತ್ತೆ.

ಪ್ರಶ್ನೆ: ಪಾರ್ಟಿಷನ್ ಫಂಕ್ಷನ್ ಅಂದ್ರೆ ಏನು ಅಂತ ಯಾರು ಹೇಳಿದ್ರೂ ಅರ್ಥ ಆಗ್ತಿಲ್ಲ, ಬರೀ ಒಂದು ಸಮ್ಮೇಷನ್ ತರ ಕಾಣುತ್ತೆ.

ಉತ್ತರ: ಸಮ್ಮೇಷನ್ನೇ ಅದು, ಹೆದರಬೇಡಿ. ಈ ಟೆಂಪರೇಚರಲ್ಲಿ ಅಣುವಿಗೆ ಹೆಚ್ಚುಕಮ್ಮಿ ಎಷ್ಟು ಸ್ಥಿತಿಗಳು ಕೈಗೆ ಸಿಗ್ತಾವೆ ಅನ್ನೋ ಲೆಕ್ಕ. ಸಂಖ್ಯೆ ಹಾಕಿ ನೋಡಿದ್ರೆ ಮಾತ್ರ ಇದು ತಲೆಗೆ ಹತ್ತೋದು. 298 ಕೆಲ್ವಿನ್‌ನಲ್ಲಿ ಬೋಲ್ಟ್ಸ್‌ಮನ್ ಕಾನ್ಸ್ಟಂಟ್ ಇಂಟು ಟೆಂಪರೇಚರ್, ಅಂದ್ರೆ ಶಾಖದಿಂದ ಅಣುವಿಗೆ ಸಿಗೋ ಎನರ್ಜಿಯ ಅಂದಾಜು ಅಳತೆ, ವೇವ್‌ನಂಬರ್ (ಎನರ್ಜಿನ ಸೆಂಟಿಮೀಟರಿಗೆ ಎಷ್ಟು ಅಲೆ ಅಂತ ಹೇಳೋ ರೀತಿ) ಲೆಕ್ಕದಲ್ಲಿ ಸೆಂಟಿಮೀಟರಿಗೆ 207. ನೈಟ್ರೋಜನ್ ಅಣು ಕಂಪಿಸೋಕೆ ಹತ್ತಬೇಕಾದ ಮೊದಲ ಮೆಟ್ಟಿಲು ಸುಮಾರು 2330. ಹನ್ನೊಂದು ಪಟ್ಟು ಎತ್ತರ! ಆ ಮೇಲಿನ ಮಟ್ಟದಲ್ಲಿ ಲಕ್ಷಕ್ಕೆ ಒಂದು ಅಣು ಸಿಕ್ಕಿದ್ರೆ ಹೆಚ್ಚು, ಹಾಗಾಗಿ ಕಂಪನದ ಪಾರ್ಟಿಷನ್ ಫಂಕ್ಷನ್, ತಳದ ಮಟ್ಟದಿಂದ ಎಣಿಸಿದ್ರೆ, 1ಕ್ಕೇ ಅಂಟ್ಕೊಂಡಿರುತ್ತೆ. ನೈಟ್ರೋಜನ್ ಹೀಟ್ ಕೆಪಾಸಿಟಿ ರೂಂ ಟೆಂಪರೇಚರಲ್ಲಿ ಗ್ಯಾಸ್ ಕಾನ್ಸ್ಟಂಟಿನ ಎರಡೂವರೆ ಪಟ್ಟಿಗೇ (ವಾಲ್ಯೂಮ್ ಸ್ಥಿರ ಇದ್ದಾಗ) ನಿಂತಿರೋದು ಇದಕ್ಕೇ. ಸ್ಟ್ಯಾಟಿಸ್ಟಿಕಲ್ ಥರ್ಮೋ ಓದುವಾಗ ಮೊದಲು ಎನರ್ಜಿ ಗ್ಯಾಪ್ ದೊಡ್ಡದಾ 207 ದೊಡ್ಡದಾ ನೋಡಿ, ಸೂತ್ರ ಆಮೇಲೆ ಬರ್ಲಿ.

ಪ್ರಶ್ನೆ: ಪಾರ್ಟಿಕಲ್ ಇನ್ ಎ ಬಾಕ್ಸ್ ಮಕ್ಕಳಾಟ ಅಲ್ವಾ? ಅದಕ್ಕೆ ಯಾಕೆ ಅಷ್ಟು ಕ್ಲಾಸ್ ಹಾಳು ಮಾಡ್ತಾರೆ?

ಉತ್ತರ: ಎಲೆಕ್ಟ್ರಾನ್‌ನ ಒಂದು ಡಬ್ಬಿಯೊಳಗೆ ಕೂಡಿಹಾಕಿ ಅದರ ಎನರ್ಜಿ ಮಟ್ಟ ಲೆಕ್ಕ ಹಾಕೋ ಈ ಮಾಡೆಲ್ಲು ಮಕ್ಕಳಾಟವೇ, ಆದ್ರೂ ಒಂದ್ಸಲ ಹೆಕ್ಸಾಟ್ರೈಈನ್‌ಗೆ (ಆರು ಕಾರ್ಬನ್ ಸಾಲಾಗಿ ಇರೋ ಅಣು) ಹಾಕಿ ನೋಡಿ. ಆರು ಪೈ ಎಲೆಕ್ಟ್ರಾನ್ (ಡಬಲ್ ಬಾಂಡ್‌ಗಳಲ್ಲಿದ್ದು ಸರಪಳಿ ಉದ್ದಕ್ಕೂ ಓಡಾಡೋವು), ಐದು ಬಾಂಡ್, ಒಂದೊಂದು 0.14 ನ್ಯಾನೋಮೀಟರ್ ಅಂತ ಇಟ್ಕೊಂಡ್ರೆ ಡಬ್ಬಿ ಉದ್ದ 0.70. ಮೂರನೇ ಮಟ್ಟದಿಂದ ನಾಲ್ಕನೇದಕ್ಕೆ ಎಲೆಕ್ಟ್ರಾನ್ ಹಾರೋಕೆ 231 ನ್ಯಾನೋಮೀಟರ್ ಬೆಳಕು ಬೇಕು ಅಂತ ಬರುತ್ತೆ, ಪ್ರಯೋಗದಲ್ಲಿ ಸಿಗೋದು 258ರ ಆಸುಪಾಸು. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳೋದನ್ನ ಪೂರ್ತಿ ಮರೆತ ಮಾಡೆಲ್ಲು ಇಷ್ಟು ಹತ್ರ ಬಂದ್ರೆ ಪರವಾಗಿಲ್ಲ ಅನ್ಸುತ್ತೆ ನನಗೆ. ಅಂದಹಾಗೆ ಡಬ್ಬಿನ ಎರಡೂ ತುದಿಯಲ್ಲಿ ಒಂಚೂರು ಉದ್ದ ಮಾಡಿದ್ರೆ ಉತ್ತರ ಬೇಕಾದ ಕಡೆಗೆ ಜರುಗುತ್ತೆ, ಮಾಡಿ ನೋಡಿ, ಆದ್ರೆ ಎಷ್ಟು ಉದ್ದ ಮಾಡಿದ್ರಿ ಯಾಕೆ ಮಾಡಿದ್ರಿ ಅಂತ ವೈವಾದಲ್ಲಿ ಕೇಳಿಯೇ ಕೇಳ್ತಾರೆ.

ಪ್ರಶ್ನೆ: ವಜ್ರಕ್ಕಿಂತ ಗ್ರಾಫೈಟ್ ಸ್ಟೇಬಲ್ ಅಂತಾರೆ, ಮತ್ತೆ ವಜ್ರ ಯಾಕೆ ಪೆನ್ಸಿಲ್ ಸೀಸ ಆಗ್ತಿಲ್ಲ?

ಉತ್ತರ: ಮೋಲ್‌ಗೆ ಬರೀ 2.9 ಕಿಲೋಜೂಲ್ ಲಾಭ ಇದೆ ನಿಜ, ಆದ್ರೆ ಅದಕ್ಕೆ ಕಾರ್ಬನ್ ಬಾಂಡ್‌ಗಳನ್ನೇ ಮುರಿದು ಮತ್ತೆ ಕಟ್ಬೇಕು, ಅಡ್ಡ ಇರೋ ಬ್ಯಾರಿಯರ್ (ದಾಟ್ಬೇಕಾದ ಎನರ್ಜಿ ಗುಡ್ಡ) ಭಾರಿ ದೊಡ್ಡದು. ಆ 2.9 ನೋಡಿ ವೇಗ ಹೇಳೋಕಾಗಲ್ಲ. ವೇಗ ಬೇಕಂದ್ರೆ ಬ್ಯಾರಿಯರ್‌ನಿಂದ ರಿಯಾಕ್ಷನ್ ವೇಗ ಹೇಳೋ 1935ರ ಐರಿಂಗ್ ಸಮೀಕರಣಕ್ಕೆ ಹೋಗಿ, ರೂಂ ಟೆಂಪರೇಚರಲ್ಲಿ ಬ್ಯಾರಿಯರ್ 5.7 ಕಿಲೋಜೂಲ್ ಏರಿದಾಗೆಲ್ಲ ವೇಗ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ನೂರಾರು ಕಿಲೋಜೂಲ್ ಬ್ಯಾರಿಯರ್ ಇದ್ರೆ ಎಷ್ಟು ಸೊನ್ನೆ ಬರುತ್ತೆ ಅಂತ ನೀವೇ ಲೆಕ್ಕ ಹಾಕಿ.