ಬಾಯಿಪಾಠ ತಪ್ಪಿದ ಹುಡುಗಿ

ಈಕೆಯನ್ನು ಸುಮಾ ಎಂದು ಕರೆಯೋಣ. ಹೆಸರು, ಕಾಲೇಜು, ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಸುಮಾಗೆ 20 ವರ್ಷ. ಬಿ.ಕಾಂ ಕೊನೆಯ ವರ್ಷ. ಮನೆ ಲಗ್ಗೆರೆ ಕಡೆ. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಆಪರೇಟರ್, ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯಿಂದ ಇಂಗ್ಲಿಷ್. ಮಾರ್ಕ್ಸ್ ಯಾವತ್ತೂ ಕಡಿಮೆ ಬಂದಿಲ್ಲ. ಅಮ್ಮನ ಜೊತೆ ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದಿದ್ದಳು. ಕೂತ ತಕ್ಷಣ ಅಮ್ಮನೇ ಶುರು ಮಾಡಿದರು.

“ಮೇಡಂ, ಇವಳಿಗೆ ಇಂಗ್ಲಿಷ್ ಒಂದು ಬಂದ್ಬಿಟ್ರೆ ಸಾಕು. ಕ್ಯಾಂಪಸ್‌ಗೆ ಕಂಪನಿಗಳು ಬರ್ತವಂತೆ. ಇವಳು ನೋಡಿದ್ರೆ ಆ ದಿನ ಕಾಲೇಜಿಗೇ ಹೋಗಲ್ಲ ಅಂತಾಳೆ.”

ವಿಜಯನಗರದಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕೋರ್ಸ್ ವಿಚಾರಿಸಿಕೊಂಡು ಬಂದಿದ್ದರು. ಫೀಸ್ ಕಟ್ಟೋಕೆ ಚೀಟಿ ಎತ್ತುವ ಮಾತೂ ಮನೆಯಲ್ಲಿ ಆಗಿತ್ತು. ಒಂದು ತಿಂಗಳು ತಡೀರಿ ಎಂದೆ. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಸುಮಾ ಜೊತೆ ಮಾತಾಡಿದೆ.

ಕಾಲೇಜಿನಲ್ಲಿ ಪ್ಲೇಸ್‌ಮೆಂಟ್‌ಗೆ ಮುಂಚೆ ಅಣಕು ಗ್ರೂಪ್ ಡಿಸ್ಕಷನ್ (ಜಿಡಿ) ಮಾಡಿಸಿದ್ದರು. ಹತ್ತು ಜನರ ಗುಂಪು. ವರ್ಕ್ ಫ್ರಮ್ ಹೋಮ್ ಒಳ್ಳೆಯದಾ ಕೆಟ್ಟದ್ದಾ ಎಂಬ ವಿಷಯ. ಸುಮಾ ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟುತ್ತಾಳೆ. ತಪ್ಪಿದೆಯಾ ಅಂತ ನೋಡುತ್ತಾಳೆ, ತಿದ್ದುತ್ತಾಳೆ. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಇನ್ನೊಂದು ವಾಕ್ಯ ಕಟ್ಟುತ್ತಾಳೆ. ಅದಕ್ಕೂ ಅದೇ ಗತಿ. ಕೊನೆಗೆ ಟ್ರೈನರ್ ಕೈ ತೋರಿಸಿ “ನೀವೂ ಏನಾದ್ರೂ ಹೇಳಿ” ಎಂದಾಗ ತಲೆ ಖಾಲಿ. ಕೈ ನಡುಕ, ಗಂಟಲು ಒಣಗಿದ ಹಾಗೆ. ಎದ್ದು ವಾಶ್‌ರೂಮಿಗೆ ಹೋದವಳು ಕ್ಲಾಸ್ ಮುಗಿಯುವ ತನಕ ಬರಲಿಲ್ಲ. ಆಮೇಲೆ ಜಿಡಿ ಇರುವ ದಿನವೆಲ್ಲ ಹೊಟ್ಟೆನೋವು.

ಇಂಥವರು ಬಂದಾಗ ಮೊದಲು ಕೆಲವು ವಿಷಯ ಕೇಳಲೇಬೇಕು. ತೊದಲುವಿಕೆ ಇದೆಯಾ? ಇದ್ದರೆ ದಾರಿಯೇ ಬೇರೆ, ಸ್ಪೀಚ್ ಥೆರಪಿಸ್ಟ್ ನೋಡಬೇಕು. ಸುಮ್ನೆ ಕೂತಾಗಲೂ ಎದೆ ಹೊಡೆದುಕೊಳ್ಳುತ್ತದೆಯಾ? ಹಾಗಾದರೆ ಮೊದಲು ಫಿಸಿಷಿಯನ್. ನಿದ್ದೆ, ಊಟ ಹೇಗಿದೆ? ಬದುಕೇ ಬೇಡ ಅನ್ನಿಸಿದ್ದುಂಟಾ? ನಾಲ್ಕು ಜನರೆದುರು ಊಟ ಮಾಡುವುದು, ಅಂಗಡಿಯಲ್ಲಿ ವಸ್ತು ವಾಪಸ್ ಕೊಡುವುದು ಕಷ್ಟವಾ? ಎಲ್ಲ ಕಡೆಯೂ ಇದೇ ಭಯ ಆರು ತಿಂಗಳಿಗಿಂತ ಜಾಸ್ತಿ ಕಾಡುತ್ತಿದ್ದು, ಓದು, ಕೆಲಸ ಕೆಡುತ್ತಿದ್ದರೆ ಅದು ಬರೀ ನಾಚಿಕೆ ಅಲ್ಲ, ಮನೋವೈದ್ಯರು ನೋಡಬೇಕಾದದ್ದು. ಸುಮಾಗೆ ಅಷ್ಟು ದೂರ ಇರಲಿಲ್ಲ. ಗೆಳತಿಯರ ಜೊತೆ ಬಸ್ಸಿಡೀ ಮಾತು. ಭಯ ಇದ್ದದ್ದು ಎದ್ದು ನಿಂತು, ಅಥವಾ ಸರದಿ ಬಂದು ಮಾತಾಡುವಾಗ ಮಾತ್ರ. ಗೊತ್ತಿಲ್ಲದ ನಂಬರಿನ ಫೋನ್ ಎತ್ತುವುದೂ ಇಷ್ಟವಿಲ್ಲ ಎಂದಳು. ಅದನ್ನು ಬರೆದಿಟ್ಟುಕೊಂಡೆ.

“ಮುಂಚೆ ಯಾವತ್ತಾದ್ರೂ ಸ್ಟೇಜ್ ಮೇಲೆ ಮಾತಾಡಿದೀಯಾ?”

“ನಾನು ಭಾಷಣದಲ್ಲಿ ಫಸ್ಟ್ ಬರ್ತಿದ್ದೆ ಮೇಡಂ.”

ಇದನ್ನು ಅವಳು ತಲೆ ತಗ್ಗಿಸಿಕೊಂಡು ಹೇಳಿದಳು. ಐದನೇ ತರಗತಿಯಿಂದ ಟೀಚರ್ ಭಾಷಣ ಬರೆದುಕೊಡುತ್ತಿದ್ದರು, ಇವಳು ಬೈಹಾರ್ಟ್ ಮಾಡಿ ಒಪ್ಪಿಸುತ್ತಿದ್ದಳು. ಸ್ಟೀಲ್ ಲೋಟ, ಡಬ್ಬಿ, ಸರ್ಟಿಫಿಕೇಟ್ ಎಲ್ಲ ಬಂದಿವೆ. ಎಂಟನೇ ತರಗತಿಯಲ್ಲಿ ದೊಡ್ಡ ಮಟ್ಟದ ಸ್ಪರ್ಧೆ. ವಿಷಯ ಕಿತ್ತೂರು ಚೆನ್ನಮ್ಮ. 1824ರ ಕದನದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಎನ್ನುವಲ್ಲಿವರೆಗೆ ಸರಾಗವಾಗಿ ಬಂತು. ಮುಂದಿನ ಸಾಲು ಮರೆತಳು. ಹಿಂದಿನ ಸಾಲಿನಿಂದ ಮತ್ತೆ ಓಡಿ ಬಂದಳು, ಮತ್ತೆ ಅಲ್ಲೇ ನಿಂತಿತು. ಕೆಳಗಿದ್ದ ಮಕ್ಕಳು ನಕ್ಕರು. ಇಳಿಮ್ಮಾ ಎಂದು ಯಾರೋ ಹೇಳಿದರು. ಅಂದಿನಿಂದ ಮೈಕ್ ಮುಟ್ಟಿಲ್ಲ.

ಕಥೆಯ ಮುಂದಿನ ಭಾಗ ಅವಳಿಗೆ ಗೊತ್ತಿರಲಿಲ್ಲವಾ ಎಂದು ಕೇಳಿದೆ. ಚೆನ್ನಾಗಿ ಗೊತ್ತಿತ್ತು. ಅಲ್ಲೇ ಕೂತು ಸಂಗೊಳ್ಳಿ ರಾಯಣ್ಣನವರೆಗೆ ಹೇಳಿಬಿಟ್ಟಳು. ಮರೆತದ್ದು ವಾಕ್ಯ, ವಿಷಯ ಅಲ್ಲ. ಆದರೆ ವಾಕ್ಯ ಬಿಟ್ಟು ವಿಷಯ ಹಿಡಿದು ಮಾತಾಡಬಹುದು ಎಂದು ಯಾರೂ ಕಲಿಸಿರಲಿಲ್ಲ. ಈಗ ಇಂಗ್ಲಿಷ್‌ನಲ್ಲಿಯೂ ಅದನ್ನೇ ಮಾಡುತ್ತಿದ್ದಾಳೆ. ಮನಸ್ಸಿನಲ್ಲೇ ಭಾಷಣ ಬರೆದು, ಒಪ್ಪಿಸಲು ಕಾಯುತ್ತಾಳೆ. ಹತ್ತು ಜನ ಒಟ್ಟಿಗೆ ಮಾತಾಡುವ ಜಾಗದಲ್ಲಿ ಒಪ್ಪಿಸುವುದಕ್ಕೆ ಪುರುಸೊತ್ತು ಎಲ್ಲಿದೆ?

ಇಲ್ಲಿ ಒಂದು ಮಾತು. ನಮ್ಮ ಸರ್ಕಾರಿ ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ ಬೇರೆ, ಆಶುಭಾಷಣ ಬೇರೆ. ಎರಡನ್ನೂ ಬೇರೆ ಇಟ್ಟವರು ತಿಳಿದವರು. ಕಂಠಪಾಠ ಬೇಡ ಎನ್ನುತ್ತಿಲ್ಲ, ನಾಲಿಗೆ ಹೊರಳುವುದು ಅದರಿಂದಲೇ. ಆದರೆ ಭಾಷಣ ಎಂದರೆ ದೊಡ್ಡವರು ಬರೆದದ್ದನ್ನು ಮಗು ಕೈ ಬೀಸಿ ಹೇಳುವುದು ಎಂದಾದರೆ ಬಹುಮಾನ ಬಂದಷ್ಟೂ ಮುಂದೆ ಕಷ್ಟ. ಸುಮಾ ತರಹದ, ಶಾಲೆಯಲ್ಲಿ ಒಳ್ಳೆಯ ಭಾಷಣಕಾರರಾಗಿದ್ದು ಕಾಲೇಜಿನಲ್ಲಿ ಬಾಯಿ ಮುಚ್ಚಿಕೊಂಡ ಮಕ್ಕಳು ನನ್ನ ಬಳಿ ಸಾಕಷ್ಟು ಬರುತ್ತಾರೆ.

ಹಾಗಾಗಿ ಮೊದಲ ಸಲಹೆ, ಪೂರ್ತಿ ವಾಕ್ಯ ಬರೆಯಬೇಡ. ಬಸ್ ಟಿಕೆಟ್‌ನಷ್ಟು ಚೀಟಿಯಲ್ಲಿ ಮೂರು ಪದ ಮಾತ್ರ. ಅದನ್ನು ಹಿಡಿದು ಒಂದೇ ವಿಷಯವನ್ನು ಮೂರು ಸಲ ಹೇಳು, ಮೂರು ಸಲವೂ ಬೇರೆ ಬೇರೆ ಮಾತಿನಲ್ಲಿ. ಮೊದಲು ಕನ್ನಡದಲ್ಲಿ. “ಕನ್ನಡದಲ್ಲಾ?” ಎಂದಳು. ಹೌದು, ಕನ್ನಡದಲ್ಲೇ.

ವಿಷಯ ಏನು ಕೊಡುವುದು? ಜಾಗತಿಕ ತಾಪಮಾನ ಕೊಟ್ಟರೆ ಮತ್ತೆ ಬೈಹಾರ್ಟ್ ಶುರುವಾಗುತ್ತದೆ. ಅಮ್ಮನ ಕೆಲಸ ಏನೆಂದು ಹೇಳು ಎಂದೆ. ಅಮ್ಮನನ್ನೂ ಒಳಗೆ ಕರೆದೆ. ಒಂದು ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ, ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಎಂದು ಶುರು ಮಾಡಿದಳು. ಒಬ್ಬರು ಪಾಕೆಟ್, ಒಬ್ಬರು ಕಾಲರ್, ಒಬ್ಬರು ಕಫ್. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಒಬ್ಬರ ಮಿಷನ್ ಕೆಟ್ಟರೆ ಹಿಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಬೈಗುಳ ಮಾತ್ರ ಎಲ್ಲರಿಗೂ. ನಡುವೆ ಅಮ್ಮ ಬಾಯಿ ಹಾಕಿದರು. “ಕಾಲರ್‌ಗಿಂತ ಮುಂಚೆ ಶೋಲ್ಡರ್ ಜಾಯಿಂಟ್ ಕಣೇ.” ಸುಮಾ ಅವರ ಕಡೆ ತಿರುಗಿ, “ಇರಮ್ಮ, ಅದಕ್ಕೇ ಬರ್ತಿದೀನಿ” ಎಂದು ಹೇಳಿ ಮುಂದುವರಿಸಿದಳು.

ನಾನು ಅಲ್ಲೇ ನಿಲ್ಲಿಸಿ ತೋರಿಸಿಕೊಟ್ಟೆ. ಈಗ ಆದದ್ದು ಜಿಡಿಯೇ. ಒಬ್ಬರು ಅಡ್ಡ ಬಂದರು, ತಪ್ಪು ತೋರಿಸಿದರು, ನೀನು ಉತ್ತರ ಕೊಟ್ಟು ಮುಂದೆ ಹೋದೆ. ಸಾಲು ಮರೆಯಲಿಲ್ಲ, ಯಾಕೆಂದರೆ ಸಾಲೇ ಇರಲಿಲ್ಲ.

ಮುಂದಿನ ವಾರಗಳಲ್ಲಿ ಅದೇ ಶರ್ಟಿನ ಕಥೆಯನ್ನು ಕನ್ನಡ ಇಂಗ್ಲಿಷ್ ಬೆರೆಸಿ, ಆಮೇಲೆ ಬರೀ ಇಂಗ್ಲಿಷ್‌ನಲ್ಲಿ ಹೇಳಿಸಿದೆ. ಇಂಗ್ಲಿಷ್ ಮುಖ್ಯವಲ್ಲ ಎಂದು ನಾನು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗಿಗೆ ಅದು ಸುಳ್ಳು ಸಮಾಧಾನ. ಸುಮಾಗೆ ಪದಗಳು ಗೊತ್ತಿದ್ದವು, ಬಾಯಿಗೆ ಅಭ್ಯಾಸ ಇರಲಿಲ್ಲ. ದಿನಾ ಹತ್ತು ನಿಮಿಷ ಪೇಪರನ್ನು ಗಟ್ಟಿಯಾಗಿ ಓದು, ಓದಿದ್ದನ್ನು ಪೇಪರ್ ಮಡಚಿಟ್ಟು ನಿನ್ನ ಮಾತಿನಲ್ಲಿ ಹೇಳು ಎಂದೆ. ಕೋರ್ಸ್ ವಿಚಾರ ಅಷ್ಟಕ್ಕೇ ನಿಂತಿತು.

ಭಯ ಇನ್ನೂ ಇತ್ತು. “ಎಲ್ರೂ ನನ್ನ ಕೈ ನಡುಗೋದನ್ನೇ ನೋಡ್ತಿದ್ರು ಮೇಡಂ” ಎನ್ನುತ್ತಿದ್ದಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೇಳಿದೆ. ಮುಜುಗರ ಆಗುವಂಥ ಚಿತ್ರ ಇರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬೇಕು ಎಂಬುದು ತೊಟ್ಟವರ ಲೆಕ್ಕ. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ. ಸುಮಾ ನಕ್ಕಳು, ಆದರೆ ನಂಬಲಿಲ್ಲ. ಓದಿದ ಪ್ರಯೋಗಕ್ಕಿಂತ ತನ್ನ ಕಣ್ಣಿಂದ ಕಂಡದ್ದು ಜಾಸ್ತಿ ಕೆಲಸ ಮಾಡುತ್ತದೆ. ಅವಳ ಫೋನಿನಲ್ಲೇ ಎರಡು ನಿಮಿಷದ ವಿಡಿಯೊ ಮಾಡಿಸಿದೆ. ನೋಡುವ ಮುಂಚೆ ಏನು ಕಾಣಬಹುದು ಎಂದು ಬರೆಸಿದೆ. ಕೈ ನಡುಕ, ಕೆಂಪು ಮುಖ, ತೊದಲು ಎಂದು ಬರೆದಳು. ಆಮೇಲೆ ಯಾರೋ ಬೇರೆ ಹುಡುಗಿಯನ್ನು ನೋಡುವ ಹಾಗೆ ನೋಡು ಎಂದೆ. ಕೈ ಅಲುಗಿದ್ದು ಕಾಣಲಿಲ್ಲ. “ತುಂಬಾ ಸ್ಪೀಡಾಗಿ ಮಾತಾಡ್ತೀನಿ” ಎಂದು ಅವಳೇ ಕಂಡುಹಿಡಿದಳು. ಅದು ತಿದ್ದಿಕೊಳ್ಳಬಹುದಾದ ದೋಷ. ಒಂದು ಮಾತು ಮುಗಿದ ಮೇಲೆ ನಿಲ್ಲಿಸಿ ಉಸಿರು ನಿಧಾನವಾಗಿ ಹೊರಗೆ ಬಿಡು, ಒಂದು ವಾಕ್ಯಕ್ಕೆ ಒಂದು ಮುಖ ನೋಡು ಎಂದೆ.

ಎದೆಬಡಿತದ ಬಗ್ಗೆ ಹೇಳಿದ್ದು ಇಷ್ಟು. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ, ಅಲ್ಲೇ ಕೂತರೆ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಎದ್ದು ಓಡಿದರೆ, ಓಡಿದ್ದರಿಂದಲೇ ಬಚಾವಾದೆ ಎಂದು ಮೆದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ಆದ್ದರಿಂದ ವಾಶ್‌ರೂಮ್ ಬಂದ್. ಮಾತಾಡದಿದ್ದರೂ ಪರವಾಗಿಲ್ಲ, ಕುರ್ಚಿ ಬಿಡಬೇಡ.

ಈ ನಡುವೆ ಸೀನಿಯರ್ ಒಬ್ಬಳು ಒಂದು ಮಾತ್ರೆಯ ಹೆಸರು ಹೇಳಿದ್ದಳು. ಇಂಟರ್‌ವ್ಯೂಗೆ ಮುಂಚೆ ನುಂಗಿದರೆ ಕೈ ನಡುಗಲ್ಲವಂತೆ. ಅದು ಪ್ರೊಪ್ರನೊಲಾಲ್. ಡಾಕ್ಟರ್ ಬರೆದುಕೊಡದೆ ತೆಗೆದುಕೊಳ್ಳಬಾರದ ಔಷಧಿ. ಅಸ್ತಮಾ ಇರುವವರಿಗೆ ಉಸಿರು ಕಟ್ಟಿಸಿ ಅಪಾಯ ತರಬಹುದು. ಸುಮಾ ಚಿಕ್ಕಂದಿನಲ್ಲಿ ಇನ್‌ಹೇಲರ್ ಹಾಕಿಕೊಂಡವಳು. ಖಂಡಿತ ಬೇಡ ಎಂದು ಬಿಗಿಯಾಗಿಯೇ ಹೇಳಿದೆ. ಇದನ್ನು ಓದುವ ವಿದ್ಯಾರ್ಥಿಗಳಿಗೂ ಅದೇ ಮಾತು. ಗೆಳೆಯರ ಮಾತು ಕೇಳಿ ಮಾತ್ರೆ ಬೇಡ.

ಕಡಿಮೆ ಭಯದಿಂದ ಜಾಸ್ತಿ ಭಯದವರೆಗೆ ಒಂದೊಂದಾಗಿ ಹತ್ತಬೇಕಾದ ಮೆಟ್ಟಿಲುಗಳನ್ನು ಅವಳೇ ಬರೆದಳು, ಪ್ರತಿಯೊಂದಕ್ಕೂ ನೂರಕ್ಕೆ ಎಷ್ಟು ಭಯ ಎಂದು ಅಂಕ ಹಾಕಿ. ಕ್ಲಾಸಿನಲ್ಲಿ ಕೂತಲ್ಲಿಂದಲೇ ಒಂದು ಡೌಟ್ ಕೇಳುವುದು 30. ನಿಂತು ಕೇಳುವುದು 45. ಐದು ಗೆಳತಿಯರೆದುರು ಎರಡು ನಿಮಿಷ ಮಾತು 60, ಇದನ್ನು ಕಬ್ಬನ್ ಪಾರ್ಕಿನ ಬೆಂಚಿನಲ್ಲಿ ಒಂದು ಭಾನುವಾರ ಮಾಡಿ ಮುಗಿಸಿದರು. ಗೆಳತಿಯರೂ ಒಬ್ಬೊಬ್ಬರಾಗಿ ನಿಂತು ಮಾತಾಡಿದರಂತೆ. ಜಿಡಿಗೆ 90 ಹಾಕಿದ್ದಳು.

ಜಿಡಿಗೆ ಸ್ವಲ್ಪ ಲೆಕ್ಕ ಬೇಕು. ಹತ್ತು ಜನ, ಹದಿನೈದು ನಿಮಿಷ. ನಿನ್ನ ಪಾಲು ಒಂದೂವರೆ ನಿಮಿಷ. ಅಷ್ಟಕ್ಕೆ ದೊಡ್ಡ ಭಾಷಣ ಬೇಡ, ಎರಡು ಮೂರು ಸಲ ಬಾಯಿ ತೆಗೆದರೆ ಆಯಿತು. ಮೊದಲ ಎರಡು ಮೂರು ನಿಮಿಷದೊಳಗೆ ಒಂದು ಸಣ್ಣ ಮಾತು ಹೇಳಿಬಿಡು, ತಡವಾದಷ್ಟೂ ಕಷ್ಟ. ಹೊಸ ಪಾಯಿಂಟೇ ಆಗಬೇಕಿಲ್ಲ. ಇನ್ನೊಬ್ಬರು ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸಿದರೂ ಸಾಕು. ವರ್ಕ್ ಫ್ರಮ್ ಹೋಮ್ ವಿಷಯ ಬಂದರೆ, ಅಮ್ಮನ ತರಹ ಲೈನಿನಲ್ಲಿ ಕೂರಬೇಕಾದವರಿಗೆ ಆ ಆಯ್ಕೆಯೇ ಇಲ್ಲ ಅಲ್ವಾ? ಹಾಗೆ ಹೇಳಿದಾಗ ಸುಮಾ ಕಣ್ಣರಳಿಸಿದಳು. ತನ್ನ ಮನೆಯ ಮಾತು ಕಾಲೇಜಿನಲ್ಲಿ ಪಾಯಿಂಟ್ ಆಗುತ್ತದೆ ಎಂದು ಅವಳು ಅಂದುಕೊಂಡೇ ಇರಲಿಲ್ಲ.

ಅಮ್ಮನಿಗೆ ಎರಡೇ ಮಾತು ಹೇಳಿದೆ. “ಧೈರ್ಯವಾಗಿ ಮಾತಾಡೇ” ಎನ್ನುವುದನ್ನು ನಿಲ್ಲಿಸಿ, ಅದರಿಂದ ಧೈರ್ಯ ಬರುವುದಿಲ್ಲ. ರಾತ್ರಿ ಊಟ ಆದ ಮೇಲೆ ಐದು ನಿಮಿಷ ಅವಳ ಮಾತು ಕೇಳಿ, ನಡುವೆ ತಿದ್ದಬೇಡಿ. ದೊಡ್ಡಪ್ಪನ ಮಗಳ ಜೊತೆ ಹೋಲಿಸಬೇಡಿ ಎಂದು ಹೇಳಬೇಕಾಗಿ ಬರಲಿಲ್ಲ, ಅದನ್ನು ಅವರೇ ಬಿಟ್ಟರು. ಸುಮಾ ಒಪ್ಪಿದ ಮೇಲೆ ಅವಳ ಲೆಕ್ಚರರ್ ಹತ್ತಿರವೂ ಮಾತಾಡಿದೆ. ದಿಢೀರ್ ಅಂತ ಕೈ ತೋರಿಸುವ ಬದಲು ಯಾರ ಸರದಿ ಯಾವಾಗ ಎಂದು ಮೊದಲೇ ಹೇಳಿ, ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿಸಿ ಆಮೇಲೆ ಇಡೀ ಕ್ಲಾಸಿಗೆ ಹೇಳಿಸಿ, ತಪ್ಪು ತೋರಿಸುವುದಾದರೆ ಒಂದೇ ತೋರಿಸಿ ಎಂದೆ. ಅರವತ್ತು ಮಕ್ಕಳ ಕ್ಲಾಸು ಮೇಡಂ ಎಂದರು. ಅವರ ಕಷ್ಟವೂ ನಿಜವೇ. ಆದರೂ ಜೋಡಿಯಲ್ಲಿ ಮಾತಾಡಿಸುವುದನ್ನು ಶುರು ಮಾಡಿದ್ದಾರೆ.

ಮನಸ್ಸು ತೀರಾ ಕುಗ್ಗಿದರೆ ನನ್ನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಟ್ಟಿದ್ದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳಿಗೆ ಬೇಕಾಗಲಿಲ್ಲ. ಹಾಸ್ಟೆಲ್‌ನಲ್ಲಿರುವ ಗೆಳತಿಗೆ ಕೊಟ್ಟಳಂತೆ.

ಮೊದಲ ಕಂಪನಿಯ ಜಿಡಿಯಲ್ಲಿ ಸುಮಾ ಎರಡು ಸಲ ಮಾತಾಡಿದಳು. ಒಂದು ಕಡೆ ಕ್ರಿಯಾಪದ ತಪ್ಪಿತು, ತಿದ್ದದೆ ಮುಂದೆ ಹೋದಳು. ಮುಂದಿನ ಸುತ್ತಿಗೆ ಹೆಸರು ಬರಲಿಲ್ಲ. ಅಳುತ್ತಾ ಬರಬಹುದು ಎಂದುಕೊಂಡಿದ್ದೆ, ಸಿಟ್ಟಿನಲ್ಲಿ ಬಂದಳು. “ಇನ್ನೊಂದು ಪಾಯಿಂಟ್ ಇತ್ತು ಮೇಡಂ, ಆ ಹುಡುಗ ಬಿಡ್ಲೇ ಇಲ್ಲ.” ಅವತ್ತಿಡೀ ನಾವು ಮಾಡಿದ್ದು, ಬಿಡದೆ ಮಾತಾಡುವವರ ನಡುವೆ ಹೆಸರು ಹಿಡಿದು ಕರೆದು, ಜಗಳವಾಡದೆ ಜಾಗ ಮಾಡಿಕೊಳ್ಳುವ ಅಭ್ಯಾಸ.

ಮುಂದಿನ ತಿಂಗಳು ಇನ್ನೊಂದು ಕಂಪನಿ ಬರುತ್ತಿದೆ. ಅದರ ಮೊದಲ ಸುತ್ತು ಫೋನಿನಲ್ಲಿ. ಗೊತ್ತಿಲ್ಲದ ನಂಬರಿನ ಭಯ ಹಾಗೇ ಇದೆ, 70 ಹಾಕಿದ್ದಾಳೆ. ಈ ವಾರದಿಂದ ಮನೆಯಲ್ಲಿ ಕರೆಂಟ್ ಹೋದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡುವುದು, ಗ್ಯಾಸ್ ತಡವಾದರೆ ಏಜೆನ್ಸಿಯವರನ್ನು ಕೇಳುವುದು ಅವಳ ಕೆಲಸ. ಅಲ್ಲಿವರೆಗೆ ಅವೆಲ್ಲ ಅಪ್ಪ ಮಾಡುತ್ತಿದ್ದರು.