ಹಸಿವು ತಗ್ಗಿಸುವ ಇಂಜೆಕ್ಷನ್ ಮದುವೆವರೆಗೆ ಮಾತ್ರ ತಗೊಂಡು ನಿಲ್ಲಿಸಬಹುದಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ತೂಕ 92 ಕೆ.ಜಿ., ಪಿಸಿಓಡಿ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದೆ, ಶುಗರ್ ಗಡಿಯಲ್ಲಿದೆ, ಆರು ತಿಂಗಳಿಗೆ ಮದುವೆ. ಗೆಳತಿ ತನ್ನ ಮೌಂಜಾರೋ ಅನ್ನುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಇಂಜೆಕ್ಷನ್ ಪೆನ್ನಿನಲ್ಲಿ ಉಳಿದಿರುವ ಡೋಸ್ ಕೊಡ್ತೀನಿ ಅಂದಿದ್ದಾಳೆ. ಹಸಿವೇ ಆಗಲ್ವಂತೆ ನಿಜನಾ, ಮದುವೆ ಆದ ಮೇಲೆ ನಿಲ್ಲಿಸಿದರೆ ಪರವಾಗಿಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ, ವಯಸ್ಸು ಐವತ್ತರ ಹತ್ತಿರ, ಶುಗರ್ ಬಂದು ವರ್ಷಗಳಾದವು. ಕಳೆದ ವರ್ಷದಿಂದ ಇದೇ ಔಷಧಿ ತಗೊಳ್ತಿದ್ದೇನೆ.

ಗೆಳತಿಯ ಪೆನ್ನು ಮಾತ್ರ ದಯವಿಟ್ಟು ಬೇಡ. ಅದರಲ್ಲಿ ನಾಲ್ಕು ವಾರದ ನಾಲ್ಕು ಡೋಸ್ ಇರುತ್ತದೆ, ಒಬ್ಬರಿಗೇ ಅಂತ ಮಾಡಿರುವುದು. ಸೂಜಿ ಬದಲಾಯಿಸಿದರೂ ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ದಾಟಬಹುದು. ಅದಲ್ಲದೆ ಆಕೆ ಈಗ ಯಾವ ಡೋಸ್‌ನಲ್ಲಿದ್ದಾಳೋ! ಎಲ್ಲರೂ 2.5 ಮಿ.ಗ್ರಾಂನಿಂದಲೇ ಶುರು ಮಾಡಬೇಕು, ಕನಿಷ್ಠ ನಾಲ್ಕು ವಾರ ಅದೇ. ಆಮೇಲೆ 5. ಬೇಕಿದ್ದರೆ ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ 15ರವರೆಗೆ. ಹೊಟ್ಟೆಗೆ ಅಭ್ಯಾಸವಾಗಲಿ ಅಂತಲೇ ಈ ನಿಧಾನ. ಮೊದಲ ಸಲವೇ ದೊಡ್ಡ ಡೋಸ್ ಚುಚ್ಚಿಕೊಂಡರೆ ವಾಂತಿ ಮಾಡಿ ಮಾಡಿ ಡ್ರಿಪ್ ಹಾಕಿಸಿಕೊಳ್ಳುವ ಸ್ಥಿತಿ ಬರಬಹುದು.

ಹಸಿವೇ ಆಗಲ್ಲ ಅನ್ನುವುದು ಅರ್ಧ ನಿಜ. ಊಟದ ಹೊತ್ತಿಗೆ ಹಸಿವಾಗುತ್ತದೆ, ಆದರೆ ಬೇಗ ತುಂಬಿಬಿಡುತ್ತದೆ. ನನಗೆ ಮುಂಚೆ ಬ್ಯಾಂಕಿನಿಂದ ಹೊರಟ ಕೂಡಲೇ ಬೇಕರಿ ನೆನಪಾಗುತ್ತಿತ್ತು. ಮಧ್ಯಾಹ್ನ ಎಷ್ಟೇ ಚೆನ್ನಾಗಿ ಉಂಡಿರಲಿ, ಐದೂವರೆಗೆ ಬೆಣ್ಣೆ ಬಿಸ್ಕತ್ತೋ ಖಾರಾ ಬನ್ನೋ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ತಲೆಯಲ್ಲಿ ಅದೇ ಸುತ್ತುತ್ತಿರುತ್ತಿತ್ತು. ಆ ಸುತ್ತಾಟ ನಿಂತಿದೆ. ಈಗ ಬೇಕರಿ ಮುಂದೆಯೇ ಬಸ್ಸಿಗೆ ಕಾಯುತ್ತೇನೆ, ವಾಸನೆ ಬರುತ್ತದೆ, ಬಸ್ ಹತ್ತುತ್ತೇನೆ, ಅಷ್ಟೇ. ಇಷ್ಟು ವರ್ಷ "ಬಾಯಿ ಕಟ್ಟು, ಬಾಯಿ ಕಟ್ಟು" ಅಂತ ಎಲ್ಲರಿಂದ ಹೇಳಿಸಿಕೊಂಡವಳಿಗೆ ಇದರಿಂದ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ. ದಪ್ಪ ಇರುವವರಿಗೆ ಮನಸ್ಸು ಗಟ್ಟಿಯಿಲ್ಲ ಅನ್ನುವ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಉಂಡಾಗ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಅನ್ನುವ ಹಾರ್ಮೋನು "ಸಾಕು" ಅಂತ ಮೆದುಳಿಗೆ ತಿಳಿಸುತ್ತದೆ, ಆದರೆ ಅದು ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಈ ಔಷಧಿಗಳು ಅದೇ ಕೆಲಸವನ್ನು ವಾರವಿಡೀ ಮಾಡುತ್ತವೆ, ಜೊತೆಗೆ ಹೊಟ್ಟೆ ಖಾಲಿಯಾಗುವುದನ್ನೂ ನಿಧಾನ ಮಾಡುತ್ತವೆ.

ಆ ನಿಧಾನದಿಂದಲೇ ತೊಂದರೆಗಳೂ ಬರುತ್ತವೆ. ಡೋಸ್ ಏರಿಸಿದ ವಾರ ನನಗೆ ಹೊಟ್ಟೆ ತೊಳಸುತ್ತಿತ್ತು, ಮಲಬದ್ಧತೆಯಂತೂ ತಿಂಗಳುಗಟ್ಟಲೆ. ಕರಿದದ್ದು ತಿಂದ ದಿನ ರಾತ್ರಿಯಿಡೀ ಹುಳಿತೇಗು. ನೀರು, ಸೊಪ್ಪು, ಇಸಬ್‌ಗೋಲ್‌ನಿಂದ ಸುಧಾರಿಸಿತು. ಆದರೆ ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ಜೋರು ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅದು ಪ್ಯಾಂಕ್ರಿಯಾಸ್ ಊತವಿರಬಹುದು, ಪಿತ್ತಕೋಶದ ಕಲ್ಲೂ ಇರಬಹುದು. ಮನೆಯಲ್ಲಿ ಯಾರಿಗಾದರೂ ಮೆಡುಲ್ಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಈ ಔಷಧಿ ತಗೊಳ್ಳುವಂತಿಲ್ಲ. ಕೆಲವು ಶುಗರ್ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಅಪಾಯ: ನಾನು ಗ್ಲಿಮೆಪಿರೈಡ್ ತಗೊಳ್ತಿದ್ದೆ, ಲೋ ಶುಗರ್ ಆಗದಿರಲಿ ಅಂತ ನಮ್ಮ ಡಾಕ್ಟರು ಮೊದಲ ದಿನವೇ ಅದನ್ನು ಅರ್ಧ ಮಾಡಿದರು. ಗೆಳತಿಯ ಪೆನ್ನು ಇದನ್ನೆಲ್ಲ ಕೇಳುವುದಿಲ್ಲವಲ್ಲ.

ಮದುವೆ ಆದ ಮೇಲೆ ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ. ನಿಲ್ಲಿಸಿದರೆ ಹಸಿವು ವಾಪಸ್ ಬರುತ್ತದೆ. ಸೆಮಗ್ಲುಟೈಡ್ ಅಂತ ಇದೇ ಬಗೆಯ ಇನ್ನೊಂದು ಇಂಜೆಕ್ಷನ್ ಇದೆ. 2021ರಲ್ಲಿ ಪ್ರಕಟವಾದ ಅದರ ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ಜನ ಸರಾಸರಿ ಶೇ. 15ರಷ್ಟು ತೂಕ ಇಳಿಸಿಕೊಂಡಿದ್ದರು. ಅವರಲ್ಲಿ ಔಷಧಿ ನಿಲ್ಲಿಸಿದ ಮೇಲೂ ಪರೀಕ್ಷೆ ಮುಂದುವರಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆಯೇ ಇದೂ. ಇನ್ನು ವೆಗೋವಿ ಅನ್ನುವ ಸೆಮಗ್ಲುಟೈಡ್ 0.25ರಿಂದ ಪೂರ್ತಿ 2.4 ಮಿ.ಗ್ರಾಂಗೆ ಬರಲಿಕ್ಕೇ ಹದಿನಾರು ವಾರ ಬೇಕು. ಹಾಗಾಗಿ ಆರು ತಿಂಗಳ ಲೆಕ್ಕ ಇಟ್ಟುಕೊಂಡರೆ ಪೂರ್ತಿ ಡೋಸ್ ಸಿಗುವುದೇ ಕೊನೆಯ ಎರಡು ತಿಂಗಳು. ಫೋಟೋಗೆ ಅಂತ ಇದನ್ನು ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ. ಪಿಸಿಓಡಿ, ಶುಗರ್, ಮುಂದಿನ ಮೂವತ್ತು ವರ್ಷದ ಆರೋಗ್ಯಕ್ಕೆ ಅಂತಾದರೆ ಖಂಡಿತ ಯೋಚನೆ ಮಾಡಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಒಂದು ವಿಷಯವಿದೆ. ಮದುವೆಯಾದ ಮೇಲೆ ಬೇಗ ಮಗು ಬೇಕು ಅಂತಿದ್ದರೆ ಈ ಔಷಧಿ ಗರ್ಭಕ್ಕೆ ಆಗುವುದಿಲ್ಲ. ಸೆಮಗ್ಲುಟೈಡ್ ಆದರೆ ಗರ್ಭ ಧರಿಸುವ ಪ್ರಯತ್ನಕ್ಕೆ ಎರಡು ತಿಂಗಳಾದರೂ ಮೊದಲೇ ನಿಲ್ಲಿಸಬೇಕು. ಪಿಸಿಓಡಿ ಇರುವವರಲ್ಲಿ ತೂಕ ಇಳಿದಂತೆ ಮುಟ್ಟು ಸರಿಹೋಗಿ ಅನಿರೀಕ್ಷಿತವಾಗಿ ಗರ್ಭ ನಿಲ್ಲುವುದುಂಟು. ಸಾಲದ್ದಕ್ಕೆ ಮೌಂಜಾರೋ, ಅಂದರೆ ಟಿರ್ಜೆಪಟೈಡ್, ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೇ ತಗ್ಗಿಸಬಹುದು. ಶುರು ಮಾಡಿದಾಗ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದಾಗ ಮತ್ತೆ ನಾಲ್ಕು ವಾರ ಕಾಂಡೋಮ್‌ನಂಥ ಬೇರೆ ಉಪಾಯವೂ ಬೇಕು. ನಮ್ಮ ಕಡೆ ಮದುವೆಗೆ ಮುಂಚೆ ಹುಡುಗಿ ಇದನ್ನೆಲ್ಲ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಕೇಳುವುದಿಲ್ಲ, ಅಮ್ಮ ಪಕ್ಕದಲ್ಲಿ ಕೂತಿದ್ದರಂತೂ ಮುಗಿದೇ ಹೋಯಿತು. ಒಬ್ಬರೇ ಹೋಗಿ ಕೇಳಿ.

ಊಟದ ಬಗ್ಗೆ ಒಂದು ಮಾತು. ತೂಕದ ಜೊತೆ ಮಾಂಸಖಂಡವೂ ಕರಗುತ್ತದೆ. ಹಸಿವಿಲ್ಲ ಅಂತ ಬರೀ ತಿಳಿಸಾರು ಅನ್ನದಲ್ಲಿ ದಿನ ದೂಡಿದರೆ ಮೆಟ್ಟಿಲು ಹತ್ತಲೂ ಸುಸ್ತಾಗುತ್ತದೆ, ಕೂದಲೂ ಉದುರುತ್ತದೆ. ನಾನು ತಟ್ಟೆಯಲ್ಲಿ ಮೊದಲು ಮೊಟ್ಟೆ, ಹುರುಳಿಕಾಳಿನ ಪಲ್ಯ ಅಥವಾ ಮೀನು ಮುಗಿಸುತ್ತೇನೆ, ಆಮೇಲೆ ಅರ್ಧ ಮುದ್ದೆ, ಅನ್ನ ಕೊನೆಗೆ ಹಿಡಿಸಿದರೆ ಉಂಟು. ವಾರಕ್ಕೆರಡು ಮೂರು ದಿನ ಡಂಬೆಲ್ ಎತ್ತುತ್ತೇನೆ. ನೂರು ದಾಟಿದ್ದ ತೂಕ ತೊಂಬತ್ತರ ಒಳಗೆ ಬಂದಿದೆ, ಮಂಡಿನೋವು ಅರ್ಧಕ್ಕರ್ಧ ಕಡಿಮೆ.

ಖರ್ಚು ಸಣ್ಣದಲ್ಲ. 2025ರ ಮಾರ್ಚಿನಲ್ಲಿ ಮೌಂಜಾರೋ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂನ ಒಂದು ವಯಲ್‌ಗೆ, ಅಂದರೆ ಸಣ್ಣ ಬಾಟಲಿಗೆ, 3,500 ರೂಪಾಯಿ, ಅದೂ ಒಂದು ವಾರಕ್ಕೆ. ಸೆಮಗ್ಲುಟೈಡ್ ಪೇಟೆಂಟ್ ಇಲ್ಲಿ 2026ರ ಮಾರ್ಚಿನಲ್ಲಿ ಮುಗಿದದ್ದರಿಂದ ಜನರಿಕ್‌ಗೆ ದಾರಿಯಾಗಿದೆ, ಡಾಕ್ಟರನ್ನು ಅದರ ಬಗ್ಗೆಯೂ ಕೇಳಿ. ಇನ್‌ಸ್ಟಾಗ್ರಾಂನಲ್ಲಿ ಅಗ್ಗಕ್ಕೆ ಮಾರುವವರ ಹತ್ತಿರ ಕೊಳ್ಳಬೇಡಿ. ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಅದು ಯಾವ ಗೋಡೌನಿನಲ್ಲಿ ಬಿಸಿಲು ಕಂಡು ಬಂದಿದೆಯೋ ನಿಮಗೆ ಗೊತ್ತಾಗುವುದಿಲ್ಲ.

ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಅಥವಾ ಒಳ್ಳೆಯ ಫಿಸಿಶಿಯನ್ ಹತ್ತಿರ ಈ ವಾರವೇ ಹೋಗಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್, ಲಿವರ್, ಕಿಡ್ನಿ ರಿಪೋರ್ಟ್ ಇದ್ದರೆ ಜೊತೆಗಿರಲಿ. ಮದುವೆ ತಾರೀಕು ಹೇಳುವಾಗ ಮಗು ಯಾವಾಗ ಬೇಕು ಅಂತಿದ್ದೀರಿ ಅನ್ನುವುದನ್ನೂ ಹೇಳಿ, ಔಷಧಿ ಈಗಲೋ ಆಮೇಲೋ ಅನ್ನುವುದನ್ನು ಅವರು ಅದರ ಮೇಲೆಯೇ ತೀರ್ಮಾನಿಸಬೇಕಾಗುತ್ತದೆ.